ಕಾವೇರಿ ನಮ್ಮದು ಸರಿ, ಕೊನೆ ಗದ್ದೆ ಯಾರದು?

ಕಾವೇರಿ ಲೆಕ್ಕವನ್ನು ಮಂಡ್ಯದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೆಆರ್‌ಎಸ್ ಎಷ್ಟು ಅಡಿಗೆ ತುಂಬುತ್ತೆ ಅಂತ ಕೇಳಿದರೆ ಪ್ರೈಮರಿ ಸ್ಕೂಲಿನ ಹುಡುಗನೂ 124.80 ಅಂತಾನೆ. ತುಂಬಿದರೆ 49.45 ಟಿಎಂಸಿ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕರ್ನಾಟಕಕ್ಕೆ ಅಂತ ಹೇಳಿದ್ದು 284.75 ಟಿಎಂಸಿ, ಗಡಿಯಲ್ಲಿ ನೀರು ಅಳೆಯೋ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಬಿಡಬೇಕಾದ್ದು 177.25. ಟೀ ಅಂಗಡಿಯಲ್ಲಿ ಕೂತವರು ಪಾಯಿಂಟು ಸಮೇತ ಹೇಳುತ್ತಾರೆ. ಅದೇ ಜನರನ್ನು, ನಿಮ್ಮೂರ ತೂಬಿನಲ್ಲಿ ಎಷ್ಟು ನೀರು ಬರುತ್ತೆ, ಅದರಲ್ಲಿ ಕೊನೆ ಗದ್ದೆಗೆ ಎಷ್ಟು ಮುಟ್ಟುತ್ತೆ ಅಂತ ಕೇಳಿ ನೋಡಿ. ಮಾತು ಬೇರೆ ಕಡೆಗೆ ತಿರುಗುತ್ತದೆ.

ನಾನು ಆ ಕೊನೆ ಗದ್ದೆಯವಳು. ಮದ್ದೂರು ತಾಲ್ಲೂಕು, ವಿಶ್ವೇಶ್ವರಯ್ಯ ನಾಲೆಯ ಒಂದು ಸೀಳುನಾಲೆಯ ಕಡೆ ಭಾಗ. ನಮ್ಮ ಮನೆಯವರು ಬಿಡದಿ ಕಡೆ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಾರೆ, ಗದ್ದೆ ಬದುಕು ನನ್ನದೇ. ಮನೆ ಭಾಗ ಆದಾಗ ತೂಬಿನ ಬಾಯಿಯ ಗದ್ದೆಗಳು ದೊಡ್ಡಮಾವನವರಿಗೆ ಹೋದವು, ತಳಭಾಗದ ತುಂಡು ನಮಗೆ ಬಂತು. ನಮ್ಮದು ದಾಟಿದರೆ ಕೇರಿಯವರ ಜಮೀನು. ದರಖಾಸ್ತಿನಲ್ಲಿ, ಅಂದರೆ ಸರ್ಕಾರ ಮಂಜೂರು ಮಾಡಿ ಸಿಕ್ಕಿದ ಅರ್ಧ ಎಕರೆ, ಮುಕ್ಕಾಲು ಎಕರೆ ತುಂಡುಗಳು. ಅದಾದ ಮೇಲೆ ಹಳ್ಳ. ಅಂದರೆ ಕಾಲುವೆಗೆ ನೀರು ಬಂದರೆ ಎಲ್ಲರಿಗಿಂತ ಕೊನೆಗೆ ನೋಡುವವರು ಅವರು, ಅವರಿಗಿಂತ ಒಂದು ಹೆಜ್ಜೆ ಮೊದಲು ನೋಡುವವಳು ನಾನು. ಈ ಒಂದು ಹೆಜ್ಜೆಯ ವ್ಯತ್ಯಾಸದಿಂದ ನನಗೆ ಸಿಕ್ಕ ಅನುಕೂಲವೂ ಕಡಿಮೆ ಏನಲ್ಲ. ನಾನು ದೊಡ್ಡಮಾವನ ಜಗಲಿ ಮೇಲೆ ಕೂತು ಜಗಳ ಆಡಬಹುದು. ಅವರು ಆಡೋ ಹಾಗಿಲ್ಲ.

ಕೊನೆ ಭಾಗದಲ್ಲಿ ಯಾರಿದ್ದಾರೆ ಅನ್ನೋದು ಸುಮ್ನೆ ಆದ ವಿಷಯ ಅಲ್ಲ. ಒಳ್ಳೆ ಜಾಗ ಮೊದಲೇ ಯಾರ ಕೈಯಲ್ಲಿತ್ತೋ ಅವರ ಕೈಯಲ್ಲೇ ಉಳಿಯಿತು. ಮಿಕ್ಕಿದ್ದು, ಮಗ್ಗುಲು ದಿಣ್ಣೆ, ಹಳ್ಳದ ಅಂಚು, ನಾಲೆ ಮುಗಿಯುವ ಜಾಗ, ಇದನ್ನೇ ಭೂಮಿ ಇಲ್ಲದವರಿಗೆ ಅಂತ ಹಂಚಿದ್ದು. ಎಸ್‌ಸಿ, ಎಸ್‌ಟಿ ಕುಟುಂಬಗಳಿಗೆ ಹೀಗೆ ಸಿಕ್ಕಿದ ಜಮೀನು ಕೈ ತಪ್ಪದಿರಲಿ ಅಂತ 1978ರಲ್ಲಿ ಕಾನೂನು ಬಂತು, ಪಿಟಿಸಿಎಲ್ ಅಂತ ಎಲ್ಲರೂ ಕರೆಯೋದು. ಜಮೀನು ಉಳಿಸೋಕೆ ಕಾನೂನು ಇದೆ. ಆ ಜಮೀನಿಗೆ ನೀರು ಹತ್ತಿಸೋಕೆ ಏನಿದೆ?

ಇನ್ನೊಂದು ವಿಷಯ ನನ್ನನ್ನು ಬಹಳ ದಿನ ಕೊರೆದಿದೆ. ನಮ್ಮ ಕಡೆ ಹಿಂದಿನಿಂದ ಕೆರೆ ನೀರು ಹಂಚುತ್ತಿದ್ದ ನೀರುಗಂಟಿಗಳು ಹೆಚ್ಚಾಗಿ ಕೇರಿಯವರೇ. ತೂಬು ಎತ್ತೋದು, ಇಳಿಸೋದು, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ನೋಡಿಕೊಳ್ಳೋದು, ರಾತ್ರಿ ಏರಿ ಮೇಲೆ ಮಲಗೋದು, ಎಲ್ಲ ಅವರೇ. ಸುಗ್ಗಿಯಲ್ಲಿ ಕಣದಲ್ಲಿ ಇಷ್ಟು ಮೊರ ಭತ್ತ ಅಂತ ಕೊಡುತ್ತಿದ್ದರು. ನೀರುಗಂಟಿಗೆ ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆ ಇಲ್ಲ, ಹಾಗಾಗಿ ಪಕ್ಷ ವಹಿಸೋದಿಲ್ಲ ಅಂತ ದೊಡ್ಡವರು ಹೇಳೋದನ್ನ ಕೇಳಿದ್ದೀನಿ. ಎಂಥಾ ಮಾತು ನೋಡಿ. ಊರಿಗೆಲ್ಲ ನ್ಯಾಯವಾಗಿ ನೀರು ಹಂಚೋನಿಗೆ ಇರಬೇಕಾದ ಅರ್ಹತೆ, ತನಗೆ ನೀರು ಬೇಡದೇ ಇರೋದು! ಈಗ ಅವರ ಮಕ್ಕಳಿಗೆ ಗದ್ದೆ ಇದೆ. ನೀರು ಬೇಕು ಅಂತ ಕೇಳಿದರೆ ಅದು ತಲೆಹರಟೆ ಅನ್ನಿಸಿಕೊಳ್ಳುತ್ತೆ.

ಹಳೇ ಮಂಡ್ಯ ಹೀಗೆ ಹಸಿರಾಗಿರಲಿಲ್ಲ. ರಾಗಿ, ಜೋಳ, ಹುರುಳಿಯ ಒಣ ಸೀಮೆ. ಕನ್ನಂಬಾಡಿ ಕಟ್ಟೆ, ಅಂದರೆ ಈಗಿನ ಕೆಆರ್‌ಎಸ್, ಅದರ ಕೆಲಸ 1911ರಲ್ಲಿ ಶುರುವಾಯಿತು. ಹಳೇ ಕನ್ನಂಬಾಡಿ ಊರೇ ನೀರಿನಲ್ಲಿ ಹೋಯಿತು. ಆಮೇಲೆ ಹುಲಿಕೆರೆ ಹತ್ತಿರ ಗುಡ್ಡದೊಳಗೆ ಸುರಂಗ ಕೊರೆದು 1930ರ ದಶಕದಲ್ಲಿ ಈ ನಾಲೆಗೆ ನೀರು ಹರಿಸಿದರು. ಆಗ ಅದು ವೈಸ್‌ರಾಯ್ ಇರ್ವಿನ್ ಹೆಸರಿನ ನಾಲೆ. 1933ರಲ್ಲಿ ಮೈಶುಗರ್ ಕಾರ್ಖಾನೆ, 1939ರಲ್ಲಿ ಮಂಡ್ಯ ಜಿಲ್ಲೆ. ಇದನ್ನೆಲ್ಲ ಹೆಮ್ಮೆಯಿಂದಲೇ ಹೇಳುತ್ತೇನೆ, ನಮ್ಮ ಹೊಟ್ಟೆ ತುಂಬಿದ್ದು ಅದರಿಂದ. ಆದರೆ ನಾಲೆ ಎಲ್ಲಿ ತಿರುಗಿತು, ಎಲ್ಲಿ ನಿಂತಿತು ಅನ್ನೋದರ ಮೇಲೆ ಯಾರು ಗೌಡರು, ಯಾರು ಕೂಲಿ ಅನ್ನೋದು ಇನ್ನೊಮ್ಮೆ ಗಟ್ಟಿಯಾಯಿತು.

ಸರಿ, ನಾನು ಮಾಡಿದ್ದು ಏನು ಅಂತ ಹೇಳ್ತೀನಿ.

ಮೊದಲು ನೀರು ಅಳೆದೆ. ಸಭೆಯಲ್ಲಿ "ನಮಗೆ ನೀರು ಬರಲ್ಲ" ಅಂದರೆ ಮೇಲಿನವರು "ನಮಗೇ ಸಾಲಲ್ಲ" ಅಂತಾರೆ. ಎರಡೂ ಬರೀ ಬಾಯಿ ಮಾತು. ಅಳೆಯೋಕೆ ಯಂತ್ರ ಏನೂ ಬೇಡ. ಟೇಪು, ಮೊಬೈಲಿನ ಗಡಿಯಾರ, ಒಂದಿಷ್ಟು ಒಣಗಿದ ಹೊಂಗೆ ಕಾಯಿ. ಕಾಲುವೆ ನೇರವಾಗಿ ಹರಿಯುವ, ಕಳೆ ಇಲ್ಲದ ಜಾಗ ನೋಡಿಕೊಳ್ಳಬೇಕು. ಅಲ್ಲಿ 20 ಅಡಿ ಅಳತೆ ಮಾಡಿ ಎರಡು ಕಡೆ ಕಡ್ಡಿ ನೆಡಬೇಕು. ಮೇಲಿನ ಕಡ್ಡಿಗಿಂತ ಸ್ವಲ್ಪ ಮುಂಚೆಯೇ ಕಾಯಿ ಬಿಟ್ಟು, ಅದು ಮೊದಲ ಕಡ್ಡಿ ದಾಟಿದ್ದೇ ಗಡಿಯಾರ ಒತ್ತಿ, ಎರಡನೇ ಕಡ್ಡಿ ಮುಟ್ಟಿದಾಗ ನಿಲ್ಲಿಸೋದು. ಹೀಗೆ ನಾಲ್ಕಾರು ಸಲ ಮಾಡಿ ಸರಾಸರಿ ತೆಗೆಯಬೇಕು, ಯಾಕೆಂದರೆ ಗಾಳಿ ಬಂದರೆ ಕಾಯಿ ದಡಕ್ಕೆ ಹೋಗುತ್ತೆ. 20 ಅಡಿಯನ್ನು ಆ ಸೆಕೆಂಡಿನಿಂದ ಭಾಗಿಸಿದರೆ ವೇಗ. ಆಮೇಲೆ ನೀರಿನ ಅಗಲ, ಆಳ ಅಳೆಯೋದು. ಅಗಲ, ಆಳ, ವೇಗ ಮೂರನ್ನೂ ಗುಣಿಸಿ, ಬಂದದ್ದನ್ನು ಮತ್ತೆ 0.8ರಿಂದ ಗುಣಿಸಬೇಕು. ಮೇಲಿನ ನೀರು ಓಡಿದಷ್ಟು ಜೋರಾಗಿ ತಳದ ನೀರು ಓಡೋದಿಲ್ಲವಲ್ಲ, ಅದಕ್ಕೆ. ಅಡಿ ಲೆಕ್ಕದಲ್ಲಿ ಅಳೆದರೆ ಉತ್ತರ ನೇರವಾಗಿ ಕ್ಯುಸೆಕ್ಕಿನಲ್ಲೇ, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ಅಂತ ಬರುತ್ತೆ.

ನಮ್ಮ ತೂಬಿನ ಹತ್ತಿರ ನೀರಿನ ಅಗಲ 2 ಅಡಿ, ಆಳ 1 ಅಡಿ. ಕಾಯಿ 20 ಅಡಿ ಹೋಗೋಕೆ ಹೆಚ್ಚುಕಮ್ಮಿ 20 ಸೆಕೆಂಡ್. ಅಂದರೆ 1.6 ಕ್ಯುಸೆಕ್. ಅದೇ ದಿನ, ಅದೇ ಬೆಳಿಗ್ಗೆ, ಕೇರಿಯವರ ಗದ್ದೆ ಶುರುವಾಗುವ ಕಡೆ ಅಗಲ ಒಂದೂವರೆ ಅಡಿ, ಆಳ 4 ಇಂಚು, ಕಾಯಿ 20 ಅಡಿ ತೆವಳೋಕೆ 40 ಸೆಕೆಂಡ್. ಲೆಕ್ಕ ಹಾಕಿದರೆ 0.2. ಎಂಟರಲ್ಲಿ ಒಂದು ಪಾಲು. ನೀರು ಮಣ್ಣಲ್ಲಿ ಇಂಗುತ್ತೆ ಅನ್ನೋದು ನಿಜ, ಆದರೆ ಇಷ್ಟು ಹತ್ತಿರಕ್ಕೆ ಎಂಟರಲ್ಲಿ ಏಳು ಪಾಲು ಇಂಗೋಕೆ ನಮ್ಮದೇನು ಮರಳುಗಾಡಾ?

ಎಲ್ಲಿ ಹೋಗುತ್ತೆ ಅಂತ ಏರಿ ಮೇಲೆ ನಡೆದು ನೋಡಿದೆವು. ನಾನು ಮತ್ತು ಕೇರಿಯ ಇಬ್ಬರು ಹೆಂಗಸರು, ಮೂವರೂ ನಾಟಿಯಲ್ಲಿ ಒಟ್ಟಿಗೆ ಬಗ್ಗಿದವರು. ಬದು ಒಡೆದು ಹುಲ್ಲು ಮುಚ್ಚಿದ ಕಿಂಡಿಗಳು. ಕಾಲುವೆ ಗೋಡೆಗೆ ತೂತು ಹಾಕಿ ತೂರಿಸಿದ ಪೈಪುಗಳು. ಒಂದು ಕಡೆ ತೆಂಗಿನ ತೋಟದೊಳಗೆ ಮೊಣಕಾಲುದ್ದ ನೀರು, ನೋಡೋರೂ ಇಲ್ಲ, ತಿರುಗಿಸೋರೂ ಇಲ್ಲ. ಇನ್ನೊಂದು ಕಡೆ ಕಬ್ಬಿನ ಗದ್ದೆಯಿಂದ ಹೆಚ್ಚಾದ ನೀರು ಪಕ್ಕದ ಕೊರಕಲಿಗೆ ಬಿದ್ದು ಸೀದಾ ಹಳ್ಳಕ್ಕೆ. ರಾತ್ರಿ ಹೊತ್ತಂತೂ ಯಾರೂ ಎದ್ದು ಗದ್ದೆ ಬಾಯಿ ಕಟ್ಟೋದಿಲ್ಲ, ಬೆಳಗಿನವರೆಗೆ ಹರಿದದ್ದು ಹರಿದಂತೆ. ಜೊತೆಗಿದ್ದ ಅಕ್ಕ ಒಂದೊಂದು ಕಿಂಡಿ ಕಂಡಾಗಲೂ ಬೆರಳು ಮಡಚಿದಳು. "ಎಲ್ಲ ನಂಗೆ ಗೊತ್ತಿದ್ದದ್ದೇ ಕಣವ್ವ, ಈ ಗದ್ದೆಲೆಲ್ಲ ನಾಟಿ ಹಾಕಿರದು ನಾವೇ ಅಲ್ವಾ" ಅಂದಳು. ನಿಜ. ಯಾವ ಗದ್ದೆಯಲ್ಲಿ ಎಷ್ಟು ಕೆಸರು, ಎಲ್ಲಿ ತಗ್ಗು, ಎಲ್ಲಿ ನೀರು ನಿಲ್ಲುತ್ತೆ ಅಂತ ಜಮೀನಿನ ಯಜಮಾನನಿಗಿಂತ ನಾಟಿ ಹಾಕೋ ಹೆಂಗಸಿಗೆ ಚೆನ್ನಾಗಿ ಗೊತ್ತು.

ಇನ್ನೊಂದು ಲೆಕ್ಕ ಇದೆ, ಇದನ್ನ ಎಲ್ಲ ರೈತರೂ ತಲೆಯಲ್ಲಿ ಇಟ್ಟುಕೊಳ್ಳಬೇಕು. ಒಂದು ಕ್ಯುಸೆಕ್ ನೀರು ಒಂದು ಗಂಟೆ ಹರಿದರೆ ಒಂದು ಎಕರೆಗೆ ಒಂದು ಇಂಚು ನಿಲ್ಲುತ್ತೆ. ನಮ್ಮ ತೂಬಿನ ಕೆಳಗಿರೋದು ಸುಮಾರು 30 ಎಕರೆ. ಒಂದೂವರೆ ಕ್ಯುಸೆಕ್ ಅಂತಲೇ ಇಟ್ಟುಕೊಳ್ಳಿ, ಎರಡು ಇಂಚು ನೀರು ನಿಲ್ಲಿಸೋಕೆ ಎಕರೆಗೆ ಒಂದು ಗಂಟೆ ಇಪ್ಪತ್ತು ನಿಮಿಷ. 30 ಎಕರೆಗೆ 40 ಗಂಟೆ. ಇಂಗೋದು, ಸೋರೋದು ಸೇರಿಸಿದರೂ ಎರಡೂವರೆ ದಿನ. ಗದ್ದೆ ಕೆಸರು ಮಾಡೋ ಸಮಯದಲ್ಲಿ ಜಾಸ್ತಿ ಬೇಕು, ಒಪ್ಪಿದೆ. ಅದು ಬಿಟ್ಟರೆ ಮಿಕ್ಕ ದಿನಗಳಲ್ಲಿ ಎರಡೂವರೆ ದಿನದಲ್ಲಿ ಎಲ್ಲರ ಗದ್ದೆಯೂ ಒಂದು ಸುತ್ತು ನೆನೆಯಬೇಕು. ನೀರು ಇತ್ತು. ನಮ್ಮ ತನಕ ಬರುತ್ತಿರಲಿಲ್ಲ, ಅಷ್ಟೇ.

ಈ ಹಾಳೆ ಹಿಡಿದು ದೊಡ್ಡಮಾವನ ಹತ್ತಿರ ಹೋದೆ. ದೂರು ಹೇಳೋಕೆ ಹೋಗಲಿಲ್ಲ, ಲೆಕ್ಕ ಸರಿ ಇದೆಯಾ ನೋಡಿ ಅಂತ ಹೋದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಹೇಳಿದ್ದು ಇದು: "ನೀರು ಮ್ಯಾಲಿಂದ ಕೆಳಿಕ್ಕೆ ಹರೀತದೆ ಕಣಮ್ಮಿ. ಮ್ಯಾಲಿರೋರಿಗೆ ಮೊದ್ಲು ಸಿಗ್ತದೆ. ಅದುಕ್ಕೆ ನಾವೇನ್ ಮಾಡಕ್ಕಾಯ್ತದೆ?"

ನಾನು ಕೇಳಿದೆ, ಹಾಗಾದರೆ 2016ರಲ್ಲಿ, 2023ರಲ್ಲಿ ನೀವೆಲ್ಲ ಸಂಜಯ ವೃತ್ತದಲ್ಲಿ ಹೆದ್ದಾರಿ ತಡೆದು ಕೂತಿದ್ದು ಯಾಕೆ ಮಾವ? ಕೆಳಗಿನವರಿಗೆ ಯಾಕೆ ಬಿಡಬೇಕು, ನಮ್ಮ ಪಾಲು ಎಷ್ಟು ಅಂತ ಲೆಕ್ಕ ಕೇಳೋಕೆ ತಾನೆ? ನೀರು ಮೇಲಿಂದ ಕೆಳಗೆ ಹರಿಯೋದಾದರೂ ಪಾಲು ಅಂತ ಒಂದಿದೆ ಅಂತ ತಾನೆ ಕಾವೇರಿ ಟ್ರಿಬ್ಯುನಲ್ಲು 1990ರಿಂದ 2007ರ ತನಕ ಕೂತದ್ದು? ಅವರು ಮಾತಾಡಲಿಲ್ಲ. ಎದ್ದು ಹಸು ನೋಡೋಕೆ ಹೋದರು. (ಇದನ್ನ ಇನ್ನೂ ಜೋರಾಗಿ ಹೇಳಿದರೆ ಮಂಡ್ಯದಲ್ಲಿ ನನಗೆ ಯಾರೂ ಟೀ ಕೂಡ ಕೊಡಲ್ಲ ಅಂತ ಗೊತ್ತು. ನಾನೂ ಆ ಬಂದ್‌ಗಳಲ್ಲಿ ಕೂತವಳೇ, ನಮ್ಮ ರಾಜ್ಯದ ಪಾಲು ನಮಗೆ ಬರಬೇಕು ಅನ್ನೋದರಲ್ಲಿ ನನಗೇನೂ ಅನುಮಾನ ಇಲ್ಲ. ಆ ಪಾಲು ಊರೊಳಗೆ ಬಂದ ಮೇಲೆ ಯಾರ ಪಾಲಾಗುತ್ತೆ ಅಂತ ಕೇಳುತ್ತಿದ್ದೇನೆ.)

ನೀರು ಬಳಕೆದಾರರ ಸಹಕಾರ ಸಂಘ ಅಂತ ಇದೆಯಲ್ಲ, ಅಲ್ಲಿ ಹೋಗಿ ಹೇಳಬಾರದಾ ಅಂತ ಕೆಲವರು ಕೇಳಿದರು. ಹೋಗಿದ್ದೆ. ಸದಸ್ಯ ಆಗಬೇಕಾದರೆ ಅಚ್ಚುಕಟ್ಟಿನಲ್ಲಿ ಜಮೀನು ಇರಬೇಕು. ಪಹಣಿ ನಮ್ಮ ಮನೆಯವರ ಹೆಸರಲ್ಲಿದೆ. ಗದ್ದೆ ಮಾಡೋಳು ನಾನು, ಓಟು ಅವರದು, ಅವರು ಬಿಡದಿಯಲ್ಲಿ ಶಿಫ್ಟಿನಲ್ಲಿದ್ದಾರೆ. ಕೇರಿಯಲ್ಲಿ ಇನ್ನೂ ಕಷ್ಟ. ಎಷ್ಟೋ ಜಮೀನು ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದೆ, ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಿಲ್ಲ. ಗೇಯೋ ಸೊಸೆಗೆ ಸಭೆಯಲ್ಲಿ ಮಾತಾಡೋ ಹಕ್ಕೇ ಇಲ್ಲ. ಹಾಗಾಗಿ ನಾವು ಸಂಘದ ಕೋಣೆ ಬಿಟ್ಟು ಅರಳಿಕಟ್ಟೆಯಲ್ಲಿ ಸೇರಿದೆವು. ಪಹಣಿ ತೋರಿಸಿ ಅಂತ ಅಲ್ಲಿ ಯಾರೂ ಕೇಳಲಿಲ್ಲ.

ಅಲ್ಲಿ ಕೆಲಸಕ್ಕೆ ಬಂದದ್ದು ನ್ಯಾಯದ ಮಾತಿಗಿಂತ ಹೆಚ್ಚಾಗಿ ಎರಡು ವಿಷಯ. ಒಂದು ಆಳಿನದು. ಕೊನೆ ಗದ್ದೆ ಒಣಗಿದ ವರ್ಷ ಕೇರಿಯ ಹೆಂಗಸರು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ, ಗಾರ್ಮೆಂಟ್ಸಿಗೆ ಹೋಗುತ್ತಾರೆ. ಹೋದವರು ಮೇಲಿನ ಗದ್ದೆಗಳ ನಾಟಿಗೆ ವಾಪಸ್ ಬರೋದಿಲ್ಲ. ಒಟ್ಲು ಬಲಿತು ಹೋಗುತ್ತಿದ್ದರೂ ಆಳು ಸಿಗದೆ ಮೇಲಿನವರು ಆಟೋ ಮಾಡಿಕೊಂಡು ಊರೂರು ತಿರುಗಿದ್ದನ್ನು ಎಲ್ಲರೂ ನೋಡಿದ್ದರು. ಅಕ್ಕ ಸಭೆಯಲ್ಲಿ ಎದ್ದು ನಿಂತು ಅಷ್ಟನ್ನೇ ಹೇಳಿದಳು. "ನಮ್ ಗದ್ದೆಗೆ ನೀರಿದ್ರೆ ನಾವ್ ಊರಲ್ಲಿರ್ತೀವಿ. ಇಲ್ದಿದ್ರೆ ಇರಕ್ಕಿಲ್ಲ." ಬೆದರಿಕೆಯ ದನಿ ಇರಲಿಲ್ಲ. ಆದರೆ ಎಲ್ಲರಿಗೂ ಅರ್ಥವಾಯಿತು.

ಎರಡನೆಯದು ಚೌಳು. ದೊಡ್ಡಮಾವನ ತಗ್ಗಿನ ಗದ್ದೆಯಲ್ಲಿ ಬೇಸಿಗೆ ಬಂದರೆ ಮಣ್ಣಿನ ಮೇಲೆ ಬಿಳಿ ಪುಡಿ ಎದ್ದು ನಿಲ್ಲುತ್ತೆ. ಸಸಿ ಅಲ್ಲಲ್ಲಿ ಸುಟ್ಟ ಹಾಗೆ ಆಗುತ್ತೆ. ಜಿಪ್ಸಂ ಹಾಕುತ್ತಲೇ ಇದ್ದರು, ಹೋಗುತ್ತಿರಲಿಲ್ಲ. ವರ್ಷವಿಡೀ ನೀರು ನಿಲ್ಲಿಸಿದರೆ ಕೆಳಗಿನ ನೀರಿನ ಮಟ್ಟ ಮೇಲೆ ಬರುತ್ತೆ, ಜೊತೆಗೆ ಉಪ್ಪನ್ನೂ ತರುತ್ತೆ, ನೀರು ಆರಿದ ಮೇಲೆ ಉಪ್ಪು ಮೇಲೇ ಉಳಿಯುತ್ತೆ. ಬಸಿಗಾಲುವೆ ತೆಗೆಯದೆ, ನೀರು ಕಡಿಮೆ ಮಾಡದೆ ಬರೀ ಜಿಪ್ಸಂ ಹಾಕಿದರೆ ದುಡ್ಡು ದಂಡ. ಹೆಚ್ಚು ನೀರು ಅವರಿಗೂ ಒಳ್ಳೇದು ಮಾಡುತ್ತಿರಲಿಲ್ಲ. ಇದನ್ನ ನಾನು ಹೇಳಿದರೆ ಕೇಳುತ್ತಿರಲಿಲ್ಲ, ಅದಕ್ಕೇ ಅವರ ಗದ್ದೆಯಲ್ಲೇ ಪೈಪು ಹೂಳಿ ತೋರಿಸೋಣ ಅಂತ ಹೊರಟೆವು.

ಪೈಪಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾರಿಗಾದರೂ ಉಪಯೋಗ ಆಗಬಹುದು. ಫಿಲಿಪೈನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಬೆಳೆಸಿ ಹರಡಿದ ಪದ್ಧತಿ ಇದು, ಗದ್ದೆಯನ್ನು ಒಮ್ಮೆ ನೆನೆಸಿ ಒಮ್ಮೆ ಆರಿಸೋದು. ನಾಲ್ಕು ಇಂಚು ಅಗಲದ ಪಿವಿಸಿ ಪೈಪು ಒಂದಡಿ ಉದ್ದ ಕತ್ತರಿಸಿಕೊಳ್ಳಿ. ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಹಾಕಿ. ನಾವು ಕಬ್ಬಿಣದ ಸರಳನ್ನು ಒಲೆಯಲ್ಲಿ ಕಾಯಿಸಿ ಚುಚ್ಚಿದೆವು, ಮನೆ ತುಂಬ ಹೊಗೆ, ವಾಸನೆ, ಅದನ್ನ ಹೊರಗೆ ಮಾಡಿ. ತೂತಿನ ಭಾಗ ಪೂರ್ತಿ ಮಣ್ಣೊಳಗೆ ಹೋಗೋ ಹಾಗೆ ಗದ್ದೆಯಲ್ಲಿ ಹೂತು, ಪೈಪಿನ ಒಳಗಿನ ಕೆಸರನ್ನು ಕೈ ಹಾಕಿ ತೆಗೆಯಬೇಕು. ಈಗ ಪೈಪಿನೊಳಗೆ ಬಗ್ಗಿ ನೋಡಿದರೆ ಮಣ್ಣಿನ ಕೆಳಗೆ ನೀರು ಎಲ್ಲಿದೆ ಅಂತ ಕಾಣುತ್ತೆ. ಗದ್ದೆ ಮೇಲೆ ನೀರಿಲ್ಲ, ಮಣ್ಣು ಸಣ್ಣಗೆ ಬಿರುಕು ಬಿಟ್ಟಿದೆ, ಆದರೂ ಪೈಪಿನೊಳಗೆ ಮೂರು ಬೆರಳು ಕೆಳಗೆ ನೀರು ಹೊಳೆಯುತ್ತಿರುತ್ತೆ. ಬೇರಿಗೆ ಅದು ಸಿಗುತ್ತೆ. ನೀರು ಮಣ್ಣಿನ ಮಟ್ಟದಿಂದ ಅರ್ಧ ಅಡಿ ಕೆಳಗೆ ಇಳಿದಾಗ ಮತ್ತೆ ಕಟ್ಟಿದರೆ ಸಾಕು.

ಎಲ್ಲ ಕಾಲಕ್ಕೂ ಹೀಗೆ ಮಾಡೋ ಹಾಗಿಲ್ಲ. ನಾಟಿ ಆದ ಮೊದಲ ಎರಡು ಮೂರು ವಾರ ನೀರು ನಿಲ್ಲಿಸಲೇಬೇಕು, ಇಲ್ಲದಿದ್ದರೆ ಕಳೆ ಕಿತ್ತು ಕಿತ್ತು ಸೊಂಟ ಬೀಳುತ್ತೆ, ಕಳೆ ಕೀಳೋ ಸೊಂಟ ಯಾರದು ಅಂತ ಹೇಳಬೇಕಾಗಿಲ್ಲ. ಹೊಡೆ ಬಿಚ್ಚಿ ಹೂ ಆಗೋ ಸಮಯದಲ್ಲಿ ಎರಡು ಇಂಚು ನಿಂತಿರಬೇಕು, ಇಲ್ಲವಾದರೆ ಕಾಳು ಜೊಳ್ಳು. ಈ ಎರಡು ಬಿಟ್ಟು ಮಧ್ಯದಲ್ಲಿ ನೀರು ಉಳಿಯುತ್ತೆ. ನಿಂತ ನೀರಿನ ಗದ್ದೆಯಿಂದ ಮೀಥೇನ್ ಅನಿಲ ಏಳುತ್ತೆ, ಭೂಮಿ ಬಿಸಿ ಆಗೋಕೆ ಅದೂ ಕಾರಣ, ಹೀಗೆ ಮಾಡಿದರೆ ಅದು ಕಡಿಮೆ ಆಗುತ್ತೆ. ನಮ್ಮೂರಲ್ಲಿ ಅದಕ್ಕಾಗಿ ಯಾರೂ ಪೈಪು ಹೂಳಲಿಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ.

ದೊಡ್ಡಮಾವ ಮೊದಮೊದಲು ಪೈಪಿನ ಕಡೆ ತಿರುಗಿಯೂ ನೋಡಲಿಲ್ಲ. ಬಿರುಕು ಕಂಡ ದಿನ ಕೂಗಾಡಿದರು. ಆಮೇಲೆ ದಿನಾ ಬೆಳಿಗ್ಗೆ ಟವೆಲ್ ಹೆಗಲಿಗೆ ಹಾಕಿಕೊಂಡು ಹೋಗಿ, ಯಾರೂ ನೋಡುತ್ತಿಲ್ಲ ಅಂದುಕೊಂಡು, ಕಡ್ಡಿ ಇಳಿಬಿಟ್ಟು ಅಳೆಯೋರು. ಆ ಸುಗ್ಗಿಯಲ್ಲಿ ಅವರ ಇಳುವರಿ ಇಳಿಯಲಿಲ್ಲ. ಚೌಳು ಒಂದೇ ವರ್ಷಕ್ಕೆ ಹೋಗೋದಲ್ಲ, ಹೋಗಲೂ ಇಲ್ಲ. ಆದರೆ ಇಳುವರಿ ಇಳಿಯಲಿಲ್ಲ ಅನ್ನೋದೇ ನಮಗೆ ಸಾಕಾಯಿತು.

ಸರದಿ ಗೊತ್ತು ಮಾಡಿದ್ದು ಆಮೇಲೆ. ಅಣೆಕಟ್ಟೆಯಲ್ಲಿ ನೀರು ಕಡಿಮೆ ಇದ್ದಾಗ ನಾಲೆಗೆ ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸೋ ಕಟ್ಟು ಪದ್ಧತಿ ಎಲ್ಲರಿಗೂ ಗೊತ್ತಿರೋದೇ. ಅದನ್ನೇ ನಮ್ಮ ತೂಬಿನೊಳಗೆ ತಂದೆವು. ಕೊನೆಯಿಂದ ಶುರು, ಮೇಲಕ್ಕೆ ಬರೋದು. ಎಕರೆಗೆ ಇಷ್ಟು ಗಂಟೆ ಅಂತ ಪುಸ್ತಕದಲ್ಲಿ ಬರೆಯೋದು. ಕೊನೆಯಿಂದ ಯಾಕೆ ಅಂದರೆ, ಮೇಲಿನವನಿಗೆ ತನ್ನ ಸರದಿ ಬರಬೇಕಾದರೆ ಕೆಳಗಿನವರದು ಮುಗಿಯಬೇಕು. ಆಗ ಕಾಲುವೆಯಲ್ಲಿ ಹೂಳು ತುಂಬಿದ್ದರೆ, ಜೊಂಡು ಬೆಳೆದಿದ್ದರೆ ಅದು ಅವನಿಗೂ ತಲೆನೋವು. ಮೊದಲೆಲ್ಲ ಕೆಳಗಿನ ಕಾಲುವೆ ಹೂಳು ತೆಗೆಯೋಕೆ ನಾವು ಐದಾರು ಮಂದಿ ಸನಿಕೆ, ಮಂಕರಿ ಹಿಡಿದು ಹೋಗುತ್ತಿದ್ದೆವು. ಸರದಿ ಬಂದ ಮೇಲೆ ಮೇಲಿನ ಮನೆಗಳಿಂದಲೂ ಮುಯ್ಯಾಳು ಲೆಕ್ಕದಲ್ಲಿ ಜನ ಬಂದರು.

ರಾತ್ರಿ ಸರದಿಯ ಬಗ್ಗೆ ಜಾಸ್ತಿ ಜಗಳ ಆಯಿತು. ಮೊದಲು ಮೇಲಿನವರು ಒಪ್ಪಿದ್ದು ಕೊನೆಯವರಿಗೆ ರಾತ್ರಿ, ತಮಗೆ ಹಗಲು ಅಂತ. ಕಾಗದದ ಮೇಲೆ ಗಂಟೆ ಸರಿಯಾಗೇ ಇತ್ತು. ಆದರೆ ಗಂಡಸರು ಊರಲ್ಲಿಲ್ಲದ ಮನೆಗಳೇ ಕೆಳಗೆ ಜಾಸ್ತಿ, ಹೆಂಗಸರು ನಡುರಾತ್ರಿ ಟಾರ್ಚು ಹಿಡಿದು ಹಾವು ಹುಳದ ನಡುವೆ ಬದು ಕಟ್ಟೋಕೆ ಹೋಗಬೇಕು. ಗಂಟೆ ಸಮ ಇದ್ದ ಮಾತ್ರಕ್ಕೆ ಪಾಲು ಸಮ ಆಯ್ತಾ? ಕಡೆಗೆ ಹಗಲಲ್ಲಿ ಒಂಟಿ ಹೆಂಗಸರ ಮನೆಗಳಿಗೆ ಮೊದಲು, ರಾತ್ರಿ ಸರದಿಯನ್ನು ಗಂಡಾಳು ಇರೋ ಮನೆಗಳು ತಿರುಗಾ ಮುರುಗಾ ತೆಗೆದುಕೊಳ್ಳೋದು ಅಂತ ಆಯಿತು. ಇದನ್ನ ಒಪ್ಪಿಸೋಕೆ ಹಿಡಿದ ಸಮಯ ಮಿಕ್ಕೆಲ್ಲದಕ್ಕಿಂತ ಹೆಚ್ಚು.

2023ರಲ್ಲಿ ಮಳೆ ಕೈಕೊಟ್ಟಿತು, ಕೆಆರ್‌ಎಸ್ ತುಂಬಲಿಲ್ಲ. ಅದರ ಮೇಲೆ ತಮಿಳುನಾಡಿಗೆ ದಿನಕ್ಕೆ 5,000 ಕ್ಯುಸೆಕ್ ಬಿಡಿ ಅಂತ ಆದೇಶ ಬಂತು. ಸೆಪ್ಟೆಂಬರಿನಲ್ಲಿ ಬಂದ್ ಮೇಲೆ ಬಂದ್. ಆಗ ಬಂದ ಸಲಹೆ, ಕೊನೆ ಭಾಗದವರು ಭತ್ತ ಹಾಕಬೇಡಿ, ರಾಗಿ ಹಾಕಿ. ರಾಗಿ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಇಂಡಿಯಾದ ರಾಗಿಯನ್ನು ಆಫ್ರಿಕಾದ ರಾಗಿ ಜೊತೆ ಕೂಡಿಸಿ ಇಂಡಾಫ್ ತಳಿಗಳನ್ನ ತೆಗೆದ ಲಕ್ಷ್ಮಣಯ್ಯನವರು ಕೆಲಸ ಮಾಡಿದ್ದು ಇಲ್ಲೇ, ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ. ಜನ ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. ಮುದ್ದೆ ಇಲ್ಲದೆ ನಮಗೆ ಊಟವೇ ಅಲ್ಲ. ನನ್ನ ತಕರಾರು ಬೇರೆ. ಮೇಲೆ ವರ್ಷವಿಡೀ ನೀರು ಕುಡಿಯೋ ಕಬ್ಬು ಹಾಗೇ ನಿಂತಿರುತ್ತೆ, ಬೆಳೆ ಬದಲಾಯಿಸಿ ಅನ್ನೋ ಮಾತು ಬರೋದು ಕೆಳಗಿನವರಿಗೆ ಮಾತ್ರ. ಬರ ಬಂದರೆ ತ್ಯಾಗ ಮಾಡಬೇಕಾದವರು ಯಾವಾಗಲೂ ನಾಲೆಯ ಒಂದೇ ಕಡೆ ಇರುತ್ತಾರಾ? ಅರಳಿಕಟ್ಟೆಯಲ್ಲಿ ಇದನ್ನೇ ಎತ್ತಿದೆವು. ನೀರು ಕಡಿಮೆ ಬಂದ ವರ್ಷ ಪ್ರತಿ ಮನೆಯೂ ಒಂದಿಷ್ಟು ಪಾಲು ಗದ್ದೆಗೆ ರಾಗಿ ಹಾಕಲಿ, ಮೇಲಿನವರೂ ಹಾಕಲಿ ಅಂತ. ಮೇಲಿನ ಎರಡು ಮನೆ ಒಪ್ಪಿದವು. ಕಬ್ಬು ಇದ್ದವರು ಒಪ್ಪಲಿಲ್ಲ, ಇವತ್ತಿಗೂ ಒಪ್ಪಿಲ್ಲ. ಕಾರ್ಖಾನೆಗೆ ಬರೆಸಿದ್ದೀವಿ, ಸಾಲ ಇದೆ ಅಂತಾರೆ, ಅವರ ಸಾಲವೂ ಸುಳ್ಳಲ್ಲ.

2024ರಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ಬಂತು, ನಾಲೆಯಿಂದ ಅಕ್ರಮವಾಗಿ ನೀರು ಎತ್ತೋರ ಮೇಲೆ ಕ್ರಮ, ಕಡೆ ಭಾಗದ ರೈತರಿಗಾಗಿ ಅಂತ. ಖುಷಿಪಟ್ಟೆ. ನಮ್ಮ ಕಡೆ ಪಂಪು ತೆಗೆಸೋಕೆ ಬಂದಾಗ ಮೊದಲು ಹೋದದ್ದು ಏರಿ ಪಕ್ಕದಲ್ಲಿ ಸೊಪ್ಪು ಬೆಳೆಯೋ ಒಬ್ಬಳ ಸಣ್ಣ ಸೀಮೆಎಣ್ಣೆ ಪಂಪು. ತೋಟದೊಳಗಿನ ಪೈಪುಗಳು ಮಣ್ಣಿನ ಅಡಿಯಲ್ಲಿವೆ, ಅವು ಸಾಹೇಬರಿಗೆ ಕಾಣಲಿಲ್ಲ. ನಮ್ಮ ಪುಸ್ತಕದಲ್ಲಿ ಎಲ್ಲೆಲ್ಲಿ ಕಿಂಡಿ, ಎಲ್ಲೆಲ್ಲಿ ಪೈಪು ಅಂತ ಬರೆದ ನಕ್ಷೆ ಇತ್ತು. ಕೊಡಬೇಕಾ ಬೇಡವಾ ಅಂತ ಕೂತು ಮಾತಾಡಿದೆವು. ಕೊಡಲಿಲ್ಲ. ಕೊಟ್ಟಿದ್ದರೆ ಕೇಸಾಗುತ್ತಿತ್ತು, ಅರಳಿಕಟ್ಟೆ ಮುರಿದುಹೋಗುತ್ತಿತ್ತು. ನಕ್ಷೆ ಹಿಡಿದು ಆಯಾ ಮನೆಗೇ ಹೋದೆವು. ಕೆಲವರು ಪೈಪು ಕಿತ್ತರು, ಕೆಲವರು ಬಾಗಿಲು ಹಾಕಿಕೊಂಡರು. ಸೊಪ್ಪಿನವಳ ಹೆಸರನ್ನು ಸರದಿ ಪುಸ್ತಕಕ್ಕೆ ಸೇರಿಸಿದೆವು, ಅವಳಿಗೂ ಅರ್ಧ ಗಂಟೆ.

ಬೆಂಗಳೂರಿನ ನೆಂಟರು ಬಂದಾಗ ಇದನ್ನೆಲ್ಲ ಕೇಳಿ ಅಯ್ಯೋ ಪಾಪ ಅಂತಾರೆ. ಅವರ ಮನೆ ನಲ್ಲಿಗೆ ಬರೋ ಕಾವೇರಿ ನಮ್ಮ ಪಕ್ಕದ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಪಂಪಾಗಿ, ಹಂತ ಹಂತವಾಗಿ ಗುಡ್ಡ ಹತ್ತಿ ಹೋಗೋದು. 2018ರ ತೀರ್ಪಿನಲ್ಲಿ 4.75 ಟಿಎಂಸಿ ಜಾಸ್ತಿ ಬಂದದ್ದು ಬೆಂಗಳೂರಿನ ಕುಡಿಯೋ ನೀರಿಗೆ ಅಂತಲೇ. 2024ರ ಅಕ್ಟೋಬರಿನಲ್ಲಿ ಆ ಕುಡಿಯೋ ನೀರಿನ ಯೋಜನೆಯ ಐದನೇ ಹಂತವೂ ಶುರುವಾಯಿತು. ಕುಡಿಯೋ ನೀರಿಗೆ ಅಡ್ಡ ಹೇಳೋ ಮನುಷ್ಯ ಮನುಷ್ಯನೇ ಅಲ್ಲ. ಆದರೆ ಅಪಾರ್ಟ್‌ಮೆಂಟಿನಲ್ಲಿ ಕಾರು ತೊಳೆಯೋದು ನೋಡಿದಾಗ ಕೊನೆ ಗದ್ದೆಯವಳಿಗೆ ಲೆಕ್ಕ ಹಾಕದೆ ಇರೋಕೆ ಆಗಲ್ಲ, ಏನು ಮಾಡೋದು.

ಈಗಿನ ಪರಿಸ್ಥಿತಿ ಹೇಳಬೇಕಾದರೆ, ಹೋದ ಮುಂಗಾರಿನಲ್ಲಿ ಕೊನೆಯಲ್ಲಿ ಅಳೆದಾಗ ನಮ್ಮ ಸರದಿಯ ದಿನ 1 ಕ್ಯುಸೆಕ್ ಮುಟ್ಟಿತ್ತು. ಕೇರಿಯ ಗದ್ದೆಗಳಲ್ಲಿ ಭತ್ತ ಕೊಯ್ದರು. ಎಲ್ಲ ಗದ್ದೆಯಲ್ಲೂ ಅಲ್ಲ, ಹಳ್ಳದ ಅಂಚಿನ ಎರಡು ತುಂಡಿಗೆ ಇನ್ನೂ ನೀರು ಹತ್ತೋದಿಲ್ಲ, ಅಲ್ಲಿ ಕಾಲುವೆ ಮಟ್ಟವೇ ತಪ್ಪಿದೆ, ಅದನ್ನ ಎತ್ತರಿಸೋಕೆ ನಮ್ಮ ಸನಿಕೆ ಸಾಲದು. ತೂಬಿನ ಕಲ್ಲಿನ ಮೇಲೆ ನೀರಿನ ಮಟ್ಟಕ್ಕೆ ಅಂತ ಕೆಂಪು ಬಣ್ಣದ ಗೆರೆ ಎಳೆದಿದ್ದೀವಿ, ಯಾರೋ ಕೆರೆದು ಹಾಕುತ್ತಾರೆ, ಮತ್ತೆ ಎಳೆಯುತ್ತೀವಿ. ಪೌತಿ ಖಾತೆಗೆ ಕೇರಿಯ ಕೆಲವು ಮನೆಯವರು ಅರ್ಜಿ ಹಾಕಿದ್ದಾರೆ, ಓಡಾಟ ನಡೆಯುತ್ತಿದೆ. ನಮ್ಮ ಪಹಣಿಗೆ ನನ್ನ ಹೆಸರನ್ನೂ ಸೇರಿಸೋಣ ಅಂತ ಮನೆಯವರು ಒಪ್ಪಿದ್ದಾರೆ, ಅತ್ತೆಯನ್ನು ಒಪ್ಪಿಸೋದು ಬಾಕಿ.

ಪುಸ್ತಕ ಬರೆಯೋ ಕೆಲಸ ಈಗ ನೀರುಗಂಟಿಯ ಮಗಳದು. ಪಿಯುಸಿ ಓದುತ್ತಿದ್ದಾಳೆ, ಬರವಣಿಗೆ ಚೆನ್ನಾಗಿದೆ, ಗಂಟೆ ತಪ್ಪಿಸಿದವರ ಹೆಸರನ್ನು ಮುಲಾಜಿಲ್ಲದೆ ಬರೆಯುತ್ತಾಳೆ. ಹೋದ ಸಭೆಯಲ್ಲಿ ಅವಳು ಎದ್ದು, ಇಷ್ಟು ದಿನ ಸುಮ್ನೆ ಬರೆದೆ, ಇನ್ನು ಮೇಲೆ ಎಕರೆಗೆ ಇಷ್ಟು ಅಂತ ಸಂಬಳ ಕೊಡಿ, ಕಣದಲ್ಲಿ ಭತ್ತ ಬೇಡ, ದುಡ್ಡೇ ಬೇಕು ಅಂದಳು. ದೊಡ್ಡಮಾವನಿಗೆ ಸಿಟ್ಟು ಬಂತು. ನಾನು, ಅಕ್ಕ ಮತ್ತೆ ಆರು ಮನೆಯವರು ಕೊಡಬೇಕು ಅಂದೆವು. ತೀರ್ಮಾನ ಆಗಲಿಲ್ಲ, ನಾಲೆಗೆ ನೀರು ಬಿಡೋ ಮುಂಚೆ ಇನ್ನೊಂದು ಸಭೆ ಕರೆದಿದ್ದೀವಿ. ಅಲ್ಲಿವರೆಗೆ ಅವಳು ಪುಸ್ತಕ ಮನೆಯಲ್ಲೇ ಇಟ್ಟುಕೊಂಡಿದ್ದಾಳೆ, ಕೊಡಲ್ಲ ಅಂದಿದ್ದಾಳೆ.